ಖುಕುರಿಯ ವಯಸ್ಸು ಹೇಳುವ ಹಿಡಿ ಮತ್ತು ಒರೆ

ಹಳೆಯ ಖುಕುರಿ ಕೈಗೆ ಸಿಕ್ಕಿದರೆ ಎಲ್ಲರ ಕಣ್ಣೂ ಅಲಗಿನ ಮೇಲೇ. ಅದು ಸಹಜವೇ. ಆ ಬಾಗು, ಬುಡದಲ್ಲಿರುವ ‘ಕೌಡಿ’ ಎಂಬ ಕಚ್ಚು, ಒಂದಕ್ಕಿಂತ ಒಂದು ಚೆಂದ. ಆದರೆ ಅದರ ಕಾಲ ತಿಳಿಯಬೇಕಾದವರು ಹಿಡಿಯನ್ನೂ ಒರೆಯನ್ನೂ ತಿರುವಿ ನೋಡಬೇಕು.

19ನೇ ಶತಮಾನದ ನೇಪಾಳಿ ಖುಕುರಿಗಳಲ್ಲಿ ಹಿಡಿ ಸಾಮಾನ್ಯವಾಗಿ ಮರದ್ದೋ ಎಮ್ಮೆ ಕೊಂಬಿನದೋ ಒಂದೇ ತುಂಡು. ಅದರೊಳಗೆ ತೂತು ಕೊರೆದು ‘ಲಾಹಾ’ ಎಂಬ ಅರಗು ತುಂಬಿ, ಅಲಗಿನ ಸಪೂರ ಬಾಲವನ್ನು ಬಿಸಿಬಿಸಿಯಾಗಿಯೇ ಇಳಿಸುತ್ತಿದ್ದರು. ರಿವೆಟ್ಟಿನ ಗೊಡವೆಯೇ ಇರಲಿಲ್ಲ. ಹಿಡಿಯ ನಡುವೆ ಉಬ್ಬಿದ ಬಳೆ, ಅಕ್ಕಪಕ್ಕ ಸಣ್ಣ ಗೀರುಗಳು. ತೀರಾ ಹಳೆಯವುಗಳ ಹಿಡಿ ಹೆಚ್ಚುಕಡಿಮೆ ನೇರ. ತುದಿ ಅಗಲವಾಗಿ, ಅದಕ್ಕೊಂದು ಲೋಹದ ಟೋಪಿ ಬಂದದ್ದು ಆಮೇಲೆ. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಭಾರತದ ಸೈನ್ಯಕ್ಕಾಗಿ ಬಂದ ‘ಮಾರ್ಕ್ 2’ ಮಾದರಿಯಲ್ಲಿ ಬಾಲ ಹಿಡಿಯಷ್ಟೇ ಅಗಲ. ಎರಡು ಬದಿಗೂ ಮರದ ಪಟ್ಟಿ ಇಟ್ಟು ರಿವೆಟ್ ಜಡಿದಿರುತ್ತಾರೆ. ಒರಟು ಬಳಕೆಗೆ ಇದೇ ಗಟ್ಟಿ, ಅನುಮಾನವಿಲ್ಲ. ಆದರೆ ಸಪೂರ ಬಾಲದ ಖುಕುರಿಯಲ್ಲಿ ಹಿಡಿ ಹಗುರ, ಭಾರವೆಲ್ಲ ಮುಂದಕ್ಕೆ. ಬೀಸಿದಾಗ ಅಲಗೇ ಕೈಯನ್ನು ಎಳೆದುಕೊಂಡು ಹೋಗುತ್ತದೆ. ನನ್ನ ಒಲವು ಅದರ ಕಡೆಗೇ.

ಒರೆಯೆಂದರೆ ಎರಡು ತೆಳು ಮರದ ಹೋಳು. ಒಳಭಾಗವನ್ನು ಅಲಗಿನ ಬಾಗಿಗೆ ಸರಿಯಾಗಿ ಕೆತ್ತಿ, ಜೋಡಿಸಿ, ಮೇಲೆ ತೊಗಲು ಬಿಗಿದು ಹಿಂಬದಿಯಲ್ಲಿ ಹೊಲಿಯುತ್ತಾರೆ. ತುದಿಗೊಂದು ಲೋಹದ ಅಣಸು. ಬೆನ್ನಿನ ಜೇಬಿನಲ್ಲಿ ಎರಡು ಮರಿ ಚೂರಿಗಳು: ಸಣ್ಣಪುಟ್ಟ ಕೆಲಸಕ್ಕೆ ಕರ್ದಾ, ಬಾಯಿ ಹರಿತವಿಲ್ಲದ ಚಕ್ಮಕ್. ಚಕ್ಮಕ್‌ನಿಂದ ಅಲಗಿನ ಮೊನಚು ತೀಡಬಹುದು, ಚಕಮಕಿ ಕಲ್ಲಿಗೆ ಹೊಡೆದು ಕಿಡಿ ಹಾರಿಸಬಹುದು. ಹಳೆಯ ಒರೆಗಳಲ್ಲಿ ಕಲ್ಲು, ಹತ್ತಿ ಇಡುವ ಪುಟ್ಟ ಚೀಲವೂ ಇರುತ್ತಿತ್ತು. ಹಳ್ಳಿಗರು ಒರೆಯನ್ನು ಸೊಂಟಕ್ಕೆ ಸುತ್ತುವ ‘ಪಟುಕಾ’ ಬಟ್ಟೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಸಿಪಾಯಿಗೆ ಬೆಲ್ಟ್ ಇತ್ತು, ಆದ್ದರಿಂದ ಸೈನ್ಯದ ಒರೆಗೆ ತೂಗುಹಾಕುವ ತೊಗಲಿನ ಪಟ್ಟಿ ಸೇರಿಕೊಂಡಿತು.

ಅಲಗು ಬಡಿದವರು ಕಾಮಿಗಳು, ಒರೆ ಹೊಲಿದವರು ಸಾರ್ಕಿಗಳು. ಇಬ್ಬರನ್ನೂ ನೇಪಾಳದ ಜಾತಿವ್ಯವಸ್ಥೆ ಅಸ್ಪೃಶ್ಯರೆಂದು ದೂರವಿಟ್ಟಿತು. ಕಠ್ಮಂಡುವಿನ ಲಗನ್ ಸಿಲೇಖಾನಾದ ಶಸ್ತ್ರಾಗಾರದಲ್ಲಿದ್ದ ಸಾವಿರಾರು ಖುಕುರಿಗಳು 2003ರಲ್ಲಿ ಅಮೆರಿಕದ ವ್ಯಾಪಾರಿಗಳ ಪಾಲಾದವು. ಅವುಗಳಲ್ಲಿ ಹಲವುಗಳ ಅಲಗಿನ ಬೆನ್ನಿನ ಮೇಲೆ ಪಲ್ಟನ್ನಿನ ಗುರುತು ದೇವನಾಗರಿಯಲ್ಲಿದೆ. ಮಾಡಿದವರ ಹೆಸರೂ ಅಲ್ಲಿರಬೇಕಿತ್ತು.

ಸೈನ್ಯದಲ್ಲಿದ್ದ ಹಿರಿಯರಿಂದ ನಿಮ್ಮ ಮನೆಗೊಂದು ಹಳೆಯ ಖುಕುರಿ ಬಂದಿದ್ದರೆ ಅದನ್ನು ಉಜ್ಜಿ ಫಳಫಳ ಹೊಳೆಸಬೇಡಿ. ತೊಗಲು ತೇವ ಹಿಡಿಯುತ್ತದೆ; ಅಲಗಿಗೆ ತೆಳುವಾಗಿ ಎಣ್ಣೆ ಸವರಿ ಒರೆಯ ಹೊರಗೇ ಇಡಿ. ಮರಿ ಚೂರಿಗಳೆರಡನ್ನೂ ಕಳೆದುಕೊಳ್ಳಬೇಡಿ.