ಹಿಮ ತೂರುವ ಯಂತ್ರ

ಅಣ್ಣಿಗೇರಿಯ ಬಿಸಿಲಿನಲ್ಲಿ ಕುಳಿತು ಹಿಮದ ಸುದ್ದಿ ಬರೆಯುತ್ತೇನೆಂದರೆ ನೀವು ನಗಬಹುದು. ಆದರೆ ಗೆಳತಿಯರೇ, ಈಗ ನಮ್ಮ ಓಣಿಯಲ್ಲೇ ಮೂರು ಮನೆಯ ಮಕ್ಕಳು ಅಮೆರಿಕ, ಕೆನಡಾ ಸೇರಿದ್ದಾರೆ. ಮಗಳದೋ ಸೊಸೆಯದೋ ಬಾಣಂತನಕ್ಕೆಂದು ನಿಮಗೂ ಒಂದು ಚಳಿಗಾಲ ಅಲ್ಲಿ ಕಳೆಯುವ ಪ್ರಸಂಗ ಬಂದೀತು. ನಾನು ಹೋದದ್ದು ತಂಗಿಯ ಬಾಣಂತನಕ್ಕೆ. ಅವ್ವನಿಗೆ ಮೊಣಕಾಲು ನೋವು. ಅಂಟಿನುಂಡಿ ಡಬ್ಬಿ ಕಟ್ಟಿಕೊಂಡು ನಾನೇ ಹೊರಟೆ.

ತಂಗಿ ಇರುವುದು ನ್ಯೂಯಾರ್ಕ್ ರಾಜ್ಯದ ಬಫೆಲೊ ಊರಿನಲ್ಲಿ. ಪಕ್ಕದಲ್ಲೇ ಈರಿ ಎಂಬ ದೊಡ್ಡ ಸರೋವರ. ತಣ್ಣನೆಯ ಗಾಳಿ ಆ ನೀರಿನ ಮೇಲೆ ಹಾದು ಬರುವಾಗ ತೇವ ಹೊತ್ತು ತಂದು ಊರ ಮೇಲೆ ಹಿಮವಾಗಿ ಸುರಿಯುತ್ತದೆ. 2022ರ ನವೆಂಬರಿನಲ್ಲಿ ಅಲ್ಲೇ ಹತ್ತಿರದ ಆರ್ಚರ್ಡ್ ಪಾರ್ಕಿನಲ್ಲಿ ಮೂರು ನಾಲ್ಕು ದಿನದೊಳಗೆ ಸುಮಾರು 80 ಇಂಚು ಬಿದ್ದಿತ್ತು. ಅಂದರೆ ಆರೂವರೆ ಅಡಿ! ನಾನು ಹೋದಾಗ ಅಷ್ಟಿರಲಿಲ್ಲ, ಆದರೂ ಎಷ್ಟೋ ದಿನ ಬೆಳಗಾಗೆದ್ದರೆ ಮೊಣಕಾಲುದ್ದ. ಮನೆಯ ಮುಂದಿನದನ್ನು ಮನೆಯವರೇ ತೆಗೆಯಬೇಕು. ಸಲಿಕೆಯಿಂದ ತೆಗೆಯುವುದು ಎದೆಗೆ ಭಾರ; ವಯಸ್ಸಾದವರು, ಹೃದಯದ ತೊಂದರೆ ಇದ್ದವರು ಆ ಚಳಿಯಲ್ಲಿ ಸಲಿಕೆ ಹಿಡಿಯಲೇಬಾರದು. ಅದಕ್ಕೇ ಸ್ನೋ ಬ್ಲೋವರ್ ಎಂಬ ಯಂತ್ರ.

ನೋಡಿದ ಕೂಡಲೇ ನನಗೆ ನಮ್ಮ ರಾಶಿ ಮಷೀನು ನೆನಪಾಯಿತು. ಅದು ಬರೇ ನನ್ನ ಕಲ್ಪನೆಯಲ್ಲ. ಕೆನಡಾದ ಆರ್ಥರ್ ಸಿಕಾರ್ಡ್ ಎಂಬವನು ಹೊಲದಲ್ಲಿ ರಾಶಿ ಯಂತ್ರ ನೋಡಿಯೇ ಇದರ ಯೋಚನೆ ಮಾಡಿದನಂತೆ. 1925ರಲ್ಲಿ ಯಂತ್ರ ಕಟ್ಟಿ, 1927ರಲ್ಲಿ ಮಾಂಟ್ರಿಯಲ್ ಹತ್ತಿರದ ಊಟ್ರಮಾಂಟ್ ಊರಿಗೆ ಮಾರಿದ. ಮುಂದೆ ಒಂದು ತಿರುಪು ಇರುತ್ತದೆ, ನಮ್ಮ ಶಾವಿಗಿ ಮಷೀನಿನ ಒಳಗಿನಂಥದು. ಅದು ಹಿಮವನ್ನು ಒಳಗೆ ಎಳೆಯುತ್ತದೆ. ಮೇಲಿನ ಸೊಂಡಿಲಿನಿಂದ ಹಿಮ ದೂರ ಹಾರಿ ಬೀಳುತ್ತದೆ, ಥೇಟ್ ಕಣದಲ್ಲಿ ಹೊಟ್ಟು ತೂರಿದಂತೆ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ನೆಲ. ಸಣ್ಣ ಯಂತ್ರದಲ್ಲಿ ತಿರುಪೇ ಎಳೆದು ತಿರುಪೇ ಎಸೆಯುತ್ತದೆ. ಅದು ನೆಲ ಕೆರೆಯುತ್ತಾ ಹೋಗುವುದರಿಂದ ಸಿಮೆಂಟಿನ ದಾರಿಗೆ ಸರಿ, ಖಡಿ ಹಾಸಿದ ದಾರಿಗೆ ಬೇಡ. ಕಲ್ಲು ಹಾರಿ ಕಿಟಕಿ ಒಡೆದೀತು. ಆರೆಂಟು ಇಂಚಿನ ತನಕ ಅದರ ಶಕ್ತಿ. ದೊಡ್ಡದರಲ್ಲಿ ತಿರುಪಿನ ಹಿಂದೆ ಎಸೆಯಲು ಬೇರೆ ಫ್ಯಾನು ಇರುತ್ತದೆ, ತಳದಲ್ಲಿ ಎತ್ತರ ಏರಿಸಿ ಇಳಿಸುವ ಕಬ್ಬಿಣದ ಪಾದಗಳು. ಖಡಿಯ ಮೇಲೂ ನಡೆಯುತ್ತದೆ. ಸಣ್ಣದು ಕೆಲವು ನೂರು ಡಾಲರಿಗೆ ಸಿಕ್ಕರೆ ಇದು ಸಾವಿರ ದಾಟುತ್ತದೆ. ತಂಗಿಯ ಮನೆಯವರು ಉಳಿತಾಯವೆಂದು ಸಣ್ಣದು ತಂದು ಪಶ್ಚಾತ್ತಾಪಪಟ್ಟರು. ಏಕೆಂದರೆ ರಸ್ತೆ ಬಳಿಯುವ ದೊಡ್ಡ ಗಾಡಿ ಹಾದು ಹೋದಾಗ ನಮ್ಮ ದಾರಿಯ ಬಾಯಿಗೇ ಗಟ್ಟಿ ಹಿಮದ ಒಡ್ಡು ಹಾಕಿ ಹೋಗುತ್ತದೆ. ಅದರ ಮುಂದೆ ಸಣ್ಣದು ಸೋತಿತು. ಎರಡನೆಯ ವರ್ಷ ದೊಡ್ಡದು ತಂದರು. ಬ್ಯಾಟರಿಯದೂ ಬರುತ್ತದೆ, ಸದ್ದು ಕಡಿಮೆ. ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಅದನ್ನು ಮನೆಯೊಳಗೆ ಬೆಚ್ಚಗೆ ಇಡಬೇಕು.

ಇನ್ನು ಆ ದಿನದ ಮಾತು. ಹಸಿ ಹಿಮ, ಕಲಸಿದ ಹಿಟ್ಟಿನಂತೆ ಅಂಟು. ಸೊಂಡಿಲು ಕಟ್ಟಿ ಯಂತ್ರ ನಿಂತಿತು. ನಾನು ಕೂಸಿಗೆ ಎಣ್ಣೆ ಹಚ್ಚುತ್ತಾ ಕಿಟಕಿಯಿಂದ ನೋಡುತ್ತಿದ್ದೆ. ತಂಗಿಯ ಗಂಡ ಬಗ್ಗಿ ಸೊಂಡಿಲೊಳಗೆ ಕೈ ಇಳಿಸುತ್ತಿದ್ದರು. ಚಪ್ಪಲಿಯಿಲ್ಲದೆ ಹೊರಗೆ ಓಡಿದೆ.

"ಕೈ ತಗೀರಿ ಮೊದ್ಲ!"

"ಅಕ್ಕಾರ, ಇಂಜಿನ್ ಬಂದ್ ಮಾಡೇನ್ರಿ, ಇನ್ನೇನ್ ಆಗತೈತಿ?"

ನವಲಗುಂದ ತಾಲೂಕಿನ ನನ್ನ ತವರಿನಲ್ಲಿ ಹೆಸರುಕಾಳಿನ ರಾಶಿ ನಡೆದಾಗ ತೇವದ ಹೊಟ್ಟು ಸಿಕ್ಕಿ ಮಷೀನು ಹೀಗೇ ನಿಂತಿತ್ತು. ಕಾಕಾನ ಮಗ ಕೈ ಹಾಕಿದ, ಮೂರು ಬೆರಳು ಹೋದವು. ಅಂದು ಕಟ್ಟಿದ ಬಟ್ಟೆಯ ರಕ್ತ ನನಗೆ ಇಂದಿಗೂ ಕಣ್ಣ ಮುಂದಿದೆ.

ಸಂಜೆ ತಂಗಿ ಯಂತ್ರದ ಪುಸ್ತಕ ತೆಗೆದು ಓದಿದಳು. ಇಂಜಿನ್ ನಿಂತರೂ ಒಳಗೆ ಬಿಗಿ ಉಳಿದಿರುತ್ತದೆ, ಸಿಕ್ಕ ಹಿಮ ಸಡಿಲಾದೊಡನೆ ಫ್ಯಾನು ಒಂದು ಸುತ್ತು ತಿರುಗಿಬಿಡುತ್ತದೆ. ಇಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಎಲ್ಲ ಪೂರಾ ನಿಂತ ಮೇಲೆ ಕೋಲಿನಿಂದ ಮಾತ್ರ ತೆಗೆಯಬೇಕು. ಯಂತ್ರದ ಜೊತೆಗೇ ಒಂದು ಪ್ಲಾಸ್ಟಿಕ್ ಕೋಲು ಕೊಟ್ಟಿದ್ದರು. ಅದು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿತ್ತು! ಮರುದಿನದಿಂದ ಹೊರಡುವ ಮೊದಲು ಸೊಂಡಿಲೊಳಗೆ ಸಿಲಿಕಾನ್ ಸ್ಪ್ರೇ ಹೊಡೆಯುವ ರೂಢಿಯಾಯಿತು. ಎಣ್ಣೆ ಸವರಿದ ತಟ್ಟೆಗೆ ಹಿಟ್ಟು ಅಂಟದಂತೆ ಹಿಮವೂ ಅಂಟುವುದಿಲ್ಲ.

ಚಳಿ ಎಂದು ಗ್ಯಾರೇಜಿನ ಬಾಗಿಲು ಹಾಕಿ ಪೆಟ್ರೋಲ್ ಯಂತ್ರ ಚಾಲೂ ಮಾಡಲೇಬಾರದು. ಆ ಹೊಗೆಯಲ್ಲಿ ವಾಸನೆಯಿಲ್ಲದ ವಿಷದ ಗಾಳಿ ಇರುತ್ತದೆ. ಮನೆಯೊಳಗಿನ ಬಾಣಂತಿ, ಕೂಸಿನವರೆಗೂ ಬಂದೀತು. ಯಂತ್ರವನ್ನು ಹೊರಗೆ ತಳ್ಳಿಯೇ ಚಾಲೂ ಮಾಡಬೇಕು.

ತಿರುಪಿಗೆ ಶಿಯರ್ ಪಿನ್ನು ಎಂಬ ಸಣ್ಣ ಮೊಳೆ ಇರುತ್ತದೆ. ಕಲ್ಲು ಸಿಕ್ಕರೆ ಅದು ಮುರಿದು ಗೇರನ್ನು ಉಳಿಸುತ್ತದೆ, ಮನೆಯ ಫ್ಯೂಸ್ ಹೋದಂತೆ. ಅದರ ಜಾಗದಲ್ಲಿ ಕೈಗೆ ಸಿಕ್ಕ ಬೋಲ್ಟು ಹಾಕಿದರೆ ಮುಂದಿನ ಸಲ ಗೇರೇ ಹೋಗುತ್ತದೆ. ಅದೇ ಕಂಪನಿಯ ನಾಲ್ಕು ಪಿನ್ನು ಡಬ್ಬಿಯಲ್ಲಿರಲಿ.

ಮಾರ್ಚಿನಲ್ಲಿ ನಾನು ಹೊರಡುವ ಮುಂಚೆ ಪೆಟ್ರೋಲ್ ಪೂರಾ ಬಸಿಸಿದೆವು. ತಿಂಗಳುಗಟ್ಟಲೆ ನಿಂತರೆ ಅದು ಕೆಟ್ಟು ಕಾರ್ಬೊರೇಟರಿನಲ್ಲಿ ಅಂಟು ಕಟ್ಟುತ್ತದೆ, ಮೊದಲ ಹಿಮದ ದಿನವೇ ಯಂತ್ರ ಮುಷ್ಕರ ಹೂಡುತ್ತದೆ. ಇಂಜಿನ್ ಎಣ್ಣೆ ಬದಲಿಸಿ, ಒರೆಸಿ, ಮೇಲೆ ನನ್ನದೊಂದು ಹಳೆಯ ಇಳಕಲ್ ಸೀರೆ ಹೊದಿಸಿ ಬಂದೆ.

ಈಗ ಅಕ್ಟೋಬರ್ ಬಂತೆಂದರೆ ಒಂದು ಸಲ ಚಾಲೂ ಮಾಡಿ ನೋಡಿರಿ ಎಂದು ಫೋನಿನಲ್ಲಿ ನೆನಪಿಸುತ್ತೇನೆ. ಆಮೇಲೆ ಕೇಳುವುದು ಒಂದೇ: "ಆ ಕೋಲು ಎಲ್ಲಿ ಇಟ್ಟೀರಿ?"

"ಮಷೀನಿಗೇ ಕಟ್ಟೇನ್ರಿ ಅಕ್ಕಾರ," ಎನ್ನುತ್ತಾರೆ.