ವಾರಾನ್ನದ ಊರಿನಲ್ಲಿ ಕೂಸಿಗೊಂದು ವಾರ

ಬಟ್ಟೆ ಅಂಗಡಿಯ ಹಳೇ ಪ್ಲಾಸ್ಟಿಕ್ ಕವರು. ಅದರೊಳಗೆ ರೇಷನ್ ಕಾರ್ಡಿನ ಜೆರಾಕ್ಸು, ವಾಣಿವಿಲಾಸ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಮೂಲೆ ಮಡಚಿಹೋದ ತಾಯಿ ಕಾರ್ಡು, ಕೂಸಿಗೆ ಲಸಿಕೆ ಹಾಕಿಸಿದ ಪುಸ್ತಕ. ಎಲ್ಲದರ ಅಡಿಯಲ್ಲಿ, ನಾಲ್ಕು ಮಡಿಕೆಯಾಗಿ, ಒಂದು ಟಿ.ಸಿ. ಮಡಿಕೆಯ ಗೆರೆಯಲ್ಲಿ ಕಾಗದ ಸವೆದು ಹೆಡ್‌ಮಾಸ್ಟರ ಸಹಿ ಎರಡು ಹೋಳಾಗಿತ್ತು.

"ಇದು ನಡಿಯತ್ತಾ ಆಂಟಿ?" ಅಂದಳು.

ಗಾಂಧಿಬಜಾರಿನಲ್ಲಿ ಹೂ ಮಾರುವವರ ಸೊಸೆ ಆಕೆ. ವಯಸ್ಸು 19, ಸೊಂಟದ ಮೇಲೆ ಹತ್ತು ತಿಂಗಳ ಮಗು. ಒಂಬತ್ತನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟವಳು. ಟಿ.ಸಿ.ಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಗಂಡನ ಹೆಸರು ಅಂಟಿಕೊಂಡ ಇನ್ನೊಂದು ಹೆಸರು. ಎಸ್ಸೆಸ್ಸೆಲ್ಸಿಗೆ ಬೇಕಾದದ್ದು ಶಾಲೆಯ ದಾಖಲೆಯ ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರಿಗೆ ಜಾಗ ಇದೆ, ಅಮ್ಮನ ಹೆಸರಿಗೂ ಇದೆ, ಗಂಡನ ಹೆಸರಿಗೆ ಇಲ್ಲ. ಹಾಗಂತ ಹೇಳಿದಾಗ ಅವಳಿಗೆ ನಗು ಬಂತು. ಅತ್ತೆಗೆ ಬರಲಿಲ್ಲ.

ಈ ಲೇಖನ ಆ ಟಿ.ಸಿ. ಹೋಗಿ ಸೇರುವ ವ್ಯವಸ್ಥೆಯ ಬಗ್ಗೆ. ಅದಕ್ಕೆ ಬೋರ್ಡು ಹಾಕಿದ ಕಟ್ಟಡವೇನೋ ಇದೆ, ಮಲ್ಲೇಶ್ವರದ 6ನೇ ಅಡ್ಡರಸ್ತೆಯಲ್ಲಿ. ಪರೀಕ್ಷಾ ಮಂಡಳಿ ಅಂದರೆ ಎಲ್ಲರಿಗೂ ಗೊತ್ತು. 1966ರಲ್ಲಿ ಶುರುವಾದದ್ದು, 2022ರಲ್ಲಿ ಪಿಯುಸಿ ಪರೀಕ್ಷೆಯನ್ನೂ ಸೇರಿಸಿಕೊಂಡು 'ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ' ಎಂಬ ಉದ್ದನೆಯ ಹೆಸರು ಪಡೆಯಿತು. ಫಲಿತಾಂಶದ ದಿನ ಟೀವಿ ಕ್ಯಾಮೆರಾಗಳು ರ‍್ಯಾಂಕ್ ಬಂದವರ ಮನೆ ಹುಡುಕಿಕೊಂಡು ಹೋಗುತ್ತವೆ. ಅದೇ ಮಂಡಳಿಯ ಪಟ್ಟಿಯಲ್ಲಿ ಪ್ರತಿವರ್ಷ ಇನ್ನೊಂದು ಗುಂಪು ಇರುತ್ತದೆ: ಖಾಸಗಿ ಅಭ್ಯರ್ಥಿಗಳು. ಯಾವ ಶಾಲೆಯ ಹಾಜರಿಯಲ್ಲೂ ಇಲ್ಲದವರು. ಗ್ಯಾರೇಜು, ಗಾರ್ಮೆಂಟ್ಸು, ಬೇಕರಿ, ಅಡುಗೆಮನೆ, ಬಾಣಂತಿ ಕೋಣೆ, ಎಲ್ಲೆಲ್ಲಿಂದಲೋ ಬಂದು ಕೂರುವವರು. ಇವರಿಗೆ ವಯಸ್ಸಿನ ಕೆಳಮಿತಿ ಉಂಟು, ಮೇಲ್ಮಿತಿ ಇಲ್ಲ. ಇಲಾಖೆ ಗೊತ್ತು ಮಾಡಿದ ಪ್ರೌಢಶಾಲೆಯ ಮೂಲಕ ಅರ್ಜಿ ಹೋಗುತ್ತದೆ.

ಇದರಲ್ಲೊಂದು ಸೂಕ್ಷ್ಮ ಇದೆ. ಶಾಲೆಗೆ ಹೋಗುವ ಮಕ್ಕಳು ಗಣಿತ, ವಿಜ್ಞಾನಗಳಲ್ಲಿ 80 ಅಂಕಕ್ಕೆ ಬರೆಯುತ್ತಾರೆ. ಉಳಿದ 20 ಆಂತರಿಕ ಅಂಕ, ಮೇಷ್ಟ್ರ ಕೈಯಲ್ಲಿ. ಖಾಸಗಿಯವರಿಗೆ ಮೇಷ್ಟ್ರೇ ಇಲ್ಲವಲ್ಲ, ಅವರ ಪ್ರಶ್ನೆಪತ್ರಿಕೆಯೇ ಬೇರೆ, ಅದು ಪೂರಾ 100ಕ್ಕೆ. ಪ್ರಥಮ ಭಾಷೆಯಾದರೆ 125ಕ್ಕೆ. ಯೋಜನೆ, ಚಟುವಟಿಕೆ, ಒಳ್ಳೇ ನಡತೆ ಅಂತ ಸಿಗುವ ಕೈಹಿಡಿ ಅಂಕ ಒಂದೂ ಇಲ್ಲ. ಕಡಿಮೆ ಆಸರೆ ಇರುವವರಿಗೆ ಹೆಚ್ಚು ಬರೆಯುವ ಪತ್ರಿಕೆ. ನ್ಯಾಯವೋ ಅನ್ಯಾಯವೋ, ಲೆಕ್ಕ ಇರುವುದು ಹೀಗೆ.

ಇನ್ನೊಂದು ಕಡೆಯಿಂದ ಈಚೆಗೆ ಒಂದು ಅನುಕೂಲವೂ ಆಗಿದೆ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆ ನಡೆಸುವುದು ಶುರುವಾಯಿತು: ಪರೀಕ್ಷೆ-1, 2, 3. 'ಸಪ್ಲಿಮೆಂಟರಿ' ಅನ್ನುವ ಹಣೆಪಟ್ಟಿ ಹೋಯಿತು. ಮೂರು ಪರೀಕ್ಷೆಯ ವಿಚಾರ ಬಂದಾಗ ಮೇಷ್ಟ್ರುಗಳು ಗೊಣಗಿದ್ದು ನನಗೆ ನೆನಪಿದೆ, ಅವರ ಬೇಸಿಗೆ ರಜಕ್ಕೆ ಕತ್ತರಿ ಬಿತ್ತು, ಗೊಣಗಿದ್ದರಲ್ಲಿ ತಪ್ಪೇನಿಲ್ಲ. ಆದರೆ ಮಾರ್ಚಿನಲ್ಲಿ ಹೆರಿಗೆಯಾದ ಹುಡುಗಿಗೆ ವರ್ಷವಿಡೀ ಕಾಯುವುದು ತಪ್ಪಿತು. ಅವಳನ್ನು ನೆನೆದು ಮಾಡಿದ ಬದಲಾವಣೆ ಅಲ್ಲ ಇದು. ಆದರೂ ಅವಳಿಗೆ ಒದಗಿ ಬಂತು.

ಇಲ್ಲಿ ನೂರು ವರ್ಷ ಹಿಂದಕ್ಕೆ ಹೋಗಬೇಕು, ಯಾಕೆಂದರೆ ಆಸರೆ ಇಲ್ಲದವರನ್ನು ಓದಿಸುವುದು ಈ ಊರಿಗೆ ಹೊಸ ಕೆಲಸ ಅಲ್ಲ.

ಬಸವನಗುಡಿ, ಚಾಮರಾಜಪೇಟೆಯ ಹಳಬರನ್ನು ಕೇಳಿದರೆ ವಾರಾನ್ನದ ಕತೆ ಹೇಳುತ್ತಾರೆ. ಹಳ್ಳಿಯಿಂದ ಓದಲು ಬಂದ ಬಡ ಹುಡುಗ ಏಳು ಮನೆ ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಯಾವುದಾದರೂ ವಾರ ತಪ್ಪಿದರೆ ಅಂದು ಹೊಟ್ಟೆಗೆ ತಣ್ಣೀರು ಬಟ್ಟೆ. ಆಮೇಲಾಮೇಲೆ ಜಾತಿಗೊಂದು ವಿದ್ಯಾರ್ಥಿನಿಲಯ ಬಂತು. 1935ರಲ್ಲಿ ಗೌರಿಬಿದನೂರಿನ ಹೊಸೂರಿನಿಂದ ಎರಡು ದಿನ ನಡೆದುಕೊಂಡೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ ಹುಡುಗ ಮುಂದೆ ಎಚ್. ನರಸಿಂಹಯ್ಯನವರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇಂಥ ಕತೆಗಳು ನಮ್ಮಲ್ಲಿ ಬೇಕಾದಷ್ಟು ಇವೆ. ಎಲ್ಲವೂ ಹುಡುಗರವು.

ಹುಡುಗಿಯರ ಕತೆ ಹುಡುಕಬೇಕಾದರೆ ಡಿವಿಜಿ ರಸ್ತೆಯ ಅಬಲಾಶ್ರಮಕ್ಕೆ ಹೋಗಬೇಕು. 1905ರಲ್ಲಿ ಚಕ್ರವರ್ತಿ ವೆಂಕಟವರದ ಅಯ್ಯಂಗಾರ್ಯರೂ ಅವರ ಹೆಂಡತಿ ರಂಗಮ್ಮನವರೂ ಬಾಲವಿಧವೆಯರಿಗಾಗಿ ಶುರುಮಾಡಿದ್ದು. ಬಸವನಗುಡಿ ಆಗಿನ್ನೂ ಪ್ಲೇಗಿನ ನಂತರ ಹುಟ್ಟಿದ ಹೊಸ ಬಡಾವಣೆ. ಅದಕ್ಕೆ ಹನ್ನೊಂದು ವರ್ಷ ಮುಂಚೆ, 1894ರಲ್ಲಿ, ಮೈಸೂರು ಸರ್ಕಾರ ಎಂಟು ವರ್ಷದೊಳಗಿನ ಹುಡುಗಿಯ ಮದುವೆ ಮಾಡಕೂಡದು, 14 ವರ್ಷದೊಳಗಿನವಳನ್ನು 50 ದಾಟಿದವನಿಗೆ ಕೊಡಕೂಡದು ಎಂದು ಕಾನೂನು ತಂದಿತ್ತು. ಕಾನೂನೇ ಇಷ್ಟು ಅಂಜಿಕೊಂಡು ಮಾತಾಡಿದ ಕಾಲದಲ್ಲಿ ಹತ್ತು ಹನ್ನೆರಡಕ್ಕೆ ಮುತ್ತೈದೆತನ ಕಳೆದುಕೊಂಡ ಹುಡುಗಿಯರು ಎಷ್ಟಿದ್ದಿರಬೇಡ! ಅಂಥವರಿಗೆ ಅನ್ನ, ನೆರಳು, ಓದು, ಒಂದು ಕಸುಬು ಕೊಡುವುದು ಆಶ್ರಮದ ಉದ್ದೇಶವಾಗಿತ್ತು. ಪುಣೆಯಲ್ಲಿ ಧೋಂಡೋ ಕೇಶವ ಕರ್ವೆ ಇದೇ ಕೆಲಸವನ್ನು 1896ರಲ್ಲಿ ಎತ್ತಿಕೊಂಡಿದ್ದರು. ಮದರಾಸಿನಲ್ಲಿ 1912ರಲ್ಲಿ ಶಾರದಾ ಇಲ್ಲಂ ತೆರೆದ ಸಿಸ್ಟರ್ ಸುಬ್ಬಲಕ್ಷ್ಮಿ ತಾವೇ ಬಾಲವಿಧವೆಯಾಗಿದ್ದು ಬಿ.ಎ. ಮಾಡಿದವರು. ನಮ್ಮ ಊರು ಈ ವಿಷಯದಲ್ಲಿ ಯಾರಿಗಿಂತಲೂ ಬಹಳ ಹಿಂದೆ ಬಿದ್ದಿರಲಿಲ್ಲ.

ಅಬಲಾಶ್ರಮ ಎಂಬ ಹೆಸರು ಈಗ ಕಿವಿಗೆ ಅಷ್ಟು ಹಿತವಲ್ಲ, ನಿಜ. ಆದರೆ ಹೆಸರು ನೋಡಿ ಮೂಗು ಮುರಿಯುವ ಮುಂಚೆ ಅಲ್ಲಿದ್ದ ಯೋಚನೆ ನೋಡಬೇಕು. ಮದುವೆಯಾದ ಮೇಲೆ ಓದು ಮುಗಿಯಿತು ಅಂತ ಊರೆಲ್ಲ ನಂಬಿದ್ದಾಗ, ಮದುವೆಯಾಗಿ ಅದು ಮುರಿದೂ ಹೋದ ಹುಡುಗಿಯ ಕೈಗೆ ಸ್ಲೇಟು ಕೊಟ್ಟವರು ಇವರು. 1913ರಲ್ಲಿ ಅದೇ ಬಸವನಗುಡಿಯಲ್ಲಿ ಮಹಿಳಾ ಸೇವಾ ಸಮಾಜ ಬಂತು. ಚಾಮರಾಜಪೇಟೆಯ ಮಕ್ಕಳ ಕೂಟ ಅಂದರೆ ಬಿಎಂಟಿಸಿ ಕಂಡಕ್ಟರುಗಳ ಬಾಯಲ್ಲಿ ಒಂದು ಸ್ಟಾಪು. ಅದನ್ನು ಕಟ್ಟಿದ ಆರ್. ಕಲ್ಯಾಣಮ್ಮನವರೂ ಬಾಲವಿಧವೆ. 1921ರಲ್ಲಿ 'ಸರಸ್ವತಿ' ಮಾಸಪತ್ರಿಕೆ ಶುರುಮಾಡಿ ದಶಕಗಟ್ಟಲೆ ನಡೆಸಿದರು. ಮಕ್ಕಳ ಕೂಟದಿಂದ ಕೂಗಳತೆಯಲ್ಲಿ ವಾಣಿವಿಲಾಸ ಆಸ್ಪತ್ರೆ, 1935ರದ್ದು. ಇವತ್ತಿಗೂ ಅದರ ಹೆರಿಗೆ ವಾರ್ಡಿನ ಮುಂದೆ ಚಾಪೆ ಹಾಸಿ ಕೂತವರ ನಡುವೆ ಶಾಲೆಯ ಜಡೆ ಇನ್ನೂ ಬಿಚ್ಚದ ಮುಖಗಳು ಕಾಣುತ್ತವೆ.

ಎಷ್ಟು ಮುಖಗಳು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮುಂಚೆ ಮದುವೆಯಾಗಿತ್ತು. 15ರಿಂದ 19ರವರಲ್ಲಿ ಶೇ. 5.4 ಮಂದಿ ಆಗಲೇ ತಾಯಂದಿರು, ಇಲ್ಲವೇ ಬಸುರಿಯರು.

ಕಾನೂನಿಗೇನೂ ಕೊರತೆ ಇಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಇದೆ. ಅದಕ್ಕೆ ಕರ್ನಾಟಕ 2016ರ ತಿದ್ದುಪಡಿ ತಂದು ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿತು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೆಸರಿಸಿ ಮೆಚ್ಚಿಕೊಂಡಿತು. ಹುಡುಗಿಗೆ 18 ತುಂಬಿಲ್ಲದಿದ್ದರೆ ಬಸಿರಿನ ಸುದ್ದಿಯನ್ನು ವೈದ್ಯರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯಿದೆ ಹೇಳುತ್ತದೆ. ಇರಬೇಕಾದ ಕಾನೂನೇ. ಆದರೆ ಅದರ ಭಯಕ್ಕೆ ಮನೆಯವರು ಮೊದಲು ಮಾಡುವ ಕೆಲಸ ಹುಡುಗಿಯನ್ನು ಕಣ್ಣಿಗೆ ಬೀಳದ ಹಾಗೆ ಊರು ದಾಟಿಸುವುದು. ಆಮೇಲೆ ಆಸ್ಪತ್ರೆಗೂ ಇಲ್ಲ, ಶಾಲೆಗೂ ಇಲ್ಲ. ಇನ್ನು ಕಡ್ಡಾಯ ಶಿಕ್ಷಣದ 2009ರ ಹಕ್ಕು, ಅದು 14ಕ್ಕೇ ನಿಂತುಹೋಗುತ್ತದೆ. ಅಂದರೆ ಎಂಟನೇ ಕ್ಲಾಸಿನ ತನಕ ಶಾಲೆ ಹುಡುಗಿಯನ್ನು ಹುಡುಕಿಕೊಂಡು ಬರುತ್ತದೆ, ಒಂಬತ್ತರಿಂದ ಹುಡುಗಿಯೇ ಶಾಲೆ ಹುಡುಕಿಕೊಂಡು ಹೋಗಬೇಕು. ಕೈತಪ್ಪುವುದು ಅಲ್ಲೇ.

ಹಾಗೆ ಕೈತಪ್ಪಿದವರಿಗೆ ಹಿಂದೆ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ 'ಸಂಕ್ಷಿಪ್ತ ಕೋರ್ಸು' ಅಂತ ಒಂದಿತ್ತು. 1958ರಲ್ಲಿ ಶುರುವಾದದ್ದು. ಶಾಲೆ ಬಿಟ್ಟ ಹೆಂಗಸರಿಗೆ ಎರಡು ವರ್ಷದಲ್ಲಿ ಮೆಟ್ರಿಕ್ ಮಟ್ಟಕ್ಕೆ ಪಾಠ. ನಡೆಸುತ್ತಿದ್ದವು ಊರೂರಿನ ಮಹಿಳಾ ಸಂಸ್ಥೆಗಳು. ಮಂಡಳಿಯ ಮೊದಲ ಅಧ್ಯಕ್ಷೆ ದುರ್ಗಾಬಾಯಿ ದೇಶಮುಖ್‌ಗೆ ಎಂಟು ವರ್ಷಕ್ಕೆ ಮದುವೆಯಾಗಿತ್ತು, ಬುದ್ಧಿ ಬಂದ ಮೇಲೆ ಅದರಿಂದ ಹೊರಬಂದು ಬನಾರಸ್ ಮೆಟ್ರಿಕ್ ಕಟ್ಟಿ ಓದಿದವರು. ತನ್ನ ಕಾಲಿಗೆ ಚುಚ್ಚಿದ ಮುಳ್ಳು ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ಆ ಮಂಡಳಿಯನ್ನೇ 2022ರಲ್ಲಿ ಮುಚ್ಚಿದರು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ, ಒಂದು ಸಲ ನೋಂದಾಯಿಸಿದರೆ ಐದು ವರ್ಷದಲ್ಲಿ ಒಂಬತ್ತು ಅವಕಾಶ. ಕಾಗದದ ಮೇಲೆ ದಾರಿಗಳು ಇಲ್ಲವೆಂದಲ್ಲ.

ಹಾಗಾದರೆ ತಡೆಯುವುದು ಯಾವುದು? ನಾನು ಏನೇನೋ ಊಹೆ ಮಾಡಿಕೊಂಡಿದ್ದೆ. ಗಂಡ ಬೇಡ ಅಂತಾನೆ, ಅತ್ತೆ ಸಿಡುಕುತ್ತಾರೆ, ಅವಳಿಗೇ ಓದು ಮರೆತಿರುತ್ತದೆ. ಗಂಡನಿಗೆ 22, ಕಲಾಸಿಪಾಳ್ಯದಲ್ಲಿ ಲಾರಿಗೆ ಲೋಡು ಮಾಡುವ ಕೆಲಸ, ಅವನೂ ಹತ್ತನೇ ಕ್ಲಾಸು ಫೇಲು. "ಇವಳು ಪಾಸಾದ್ರೆ ಆಮೇಲೆ ನಾನೂ ಕಟ್ತೀನಿ" ಅಂದ. ಅತ್ತೆ ಸಿಡುಕಿದ್ದು ನಿಜ, ಎರಡು ದಿನ. ಅಂಗನವಾಡಿ ಸಹಾಯಕಿ ಕೆಲಸಕ್ಕೂ ಎಸ್ಸೆಸ್ಸೆಲ್ಸಿ ಕೇಳುತ್ತಾರೆ ಎಂದು ತಿಳಿದ ಮೇಲೆ ಸುಮ್ಮನಾದರು. ತಡೆದದ್ದು ಕೂಸು. ಪುಸ್ತಕ ತೆರೆದ ಕೂಡಲೇ ಎದ್ದುಬಿಡುತ್ತಿತ್ತು. ಪುಟ ಹರಿದು ಬಾಯಿಗಿಟ್ಟುಕೊಳ್ಳುತ್ತಿತ್ತು. ಸಮಾಜ ವಿಜ್ಞಾನದ ಎರಡು ಪಾಠ ಅದರ ಹೊಟ್ಟೆ ಸೇರಿವೆ ಎಂದೇ ನಮ್ಮ ಅಂದಾಜು.

ಹಳ್ಳಿಗಳಲ್ಲಿ ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯ್ತಿಯ 'ಕೂಸಿನ ಮನೆ' 2023ರಲ್ಲಿ ಶುರುವಾಯಿತು. ಬಸವನಗುಡಿಗೆ ಗ್ರಾಮ ಪಂಚಾಯ್ತಿ ಎಲ್ಲಿಂದ ತರೋಣ? ನ್ಯೂಜಿಲೆಂಡಿನಲ್ಲಿ ಹದಿಹರೆಯದ ತಾಯಂದಿರಿಗಾಗಿ ಹೈಸ್ಕೂಲುಗಳಿಗೆ ಅಂಟಿಕೊಂಡೇ ಘಟಕಗಳಿವೆ, ತರಗತಿಯ ಪಕ್ಕದಲ್ಲೇ ಶಿಶುವಿಹಾರ. ಅಲ್ಲಿ ಪಾಠ ಬಿಟ್ಟು ಎದ್ದು ಹೋಗಿ ಹಾಲು ಕುಡಿಸಿ ಬರುವುದು ದಿನದ ಟೈಂಟೇಬಲ್ಲಿನಲ್ಲೇ ಸೇರಿಹೋಗಿರುವ ಸಂಗತಿ.

ನಮ್ಮ ಗವಿಪುರದ ಬೀದಿಯಲ್ಲಿ ಉಪಾಯ ಹೇಳಿದ್ದು ರಿಟೈರಾದ ಗಣಿತದ ಮೇಡಂ ಒಬ್ಬರು. ಅವರ ತಂದೆ ವಾರಾನ್ನ ಉಂಡು ಓದಿದವರಂತೆ. "ಏಳು ಮನೆಯೋರು ಸೇರಿ ಒಬ್ಬ ಹುಡುಗನ ಹೊಟ್ಟೆ ನೋಡ್ಕೊಂಡ್ರಲ್ಲ, ಐದು ಮನೆಯೋರು ಸೇರಿ ಒಂದು ಕೂಸು ಎತ್ಕೊಳೋಕೆ ಆಗಲ್ವೇನ್ರೀ" ಅಂದರು. ಹಾಗೆ ವಾರ ಹಂಚಿಕೊಂಡೆವು. ಮಧ್ಯಾಹ್ನ 2ರಿಂದ 4. ಸೋಮವಾರ ನಮ್ಮ ಮನೆ. ಆ ಎರಡು ಗಂಟೆ ಅವಳು ಮೇಡಂ ಮನೆಯ ಜಗಲಿಯಲ್ಲಿ. ಮೊದಲ ವಾರ ಕೂಸು ನಮ್ಮ ಮನೆಯಲ್ಲಿ ಅತ್ತ ಅಳುವಿಗೆ ಎದುರುಮನೆಯವರು ಬಂದು ನನ್ನನ್ನೇ ಗದರಿಸಿಹೋದರು. ಮೂರನೇ ವಾರಕ್ಕೆ ನಮ್ಮ ಯಜಮಾನರು ಸೋಮವಾರ ಮಧ್ಯಾಹ್ನದ ನಿದ್ದೆ ಬಿಟ್ಟರು, ನಲವತ್ತು ವರ್ಷದಲ್ಲಿ ನನ್ನ ಮಾತಿಗೆ ಬಿಡದಿದ್ದ ನಿದ್ದೆ.

ಪರೀಕ್ಷೆ-1ಕ್ಕೆ ಕೇಂದ್ರ ಸಿಕ್ಕಿದ್ದು ಚಾಮರಾಜಪೇಟೆಯ ಒಂದು ಶಾಲೆ. ಕನ್ನಡದ ದಿನ ನಾನೂ ಹೋಗಿದ್ದೆ. ಪ್ರಥಮ ಭಾಷೆ ಮೂರೂಕಾಲು ಗಂಟೆ. ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಅತ್ತೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದರು, ಪಕ್ಕದಲ್ಲಿ ಮಾರದೆ ಉಳಿದ ಕನಕಾಂಬರದ ಬುಟ್ಟಿ. ಕೂತಲ್ಲೇ ಕಟ್ಟುತ್ತಿದ್ದರು, ಕೂಸು ದಾರ ಎಳೆಯುವುದು, ಅವರು ಬಿಡಿಸಿಕೊಳ್ಳುವುದು. ಯೂನಿಫಾರ್ಮಿನ ಮಕ್ಕಳಿಲ್ಲದ ಕೇಂದ್ರ ಅದು. ಒಬ್ಬ ಹುಡುಗನ ಉಗುರಿನ ಸಂದಿಯಲ್ಲಿ ಗ್ರೀಸು. ನಡುವಯಸ್ಸಿನ ಒಬ್ಬರು ಸೆಕ್ಯುರಿಟಿ ಗಾರ್ಡಿನ ಪ್ಯಾಂಟಿನಲ್ಲೇ ಬಂದಿದ್ದರು. ಬೆಲ್ಲು ಹೊಡೆದ ಮೇಲೆ ಎಲ್ಲರಿಗಿಂತ ಮುಂಚೆ ಹೊರಗೆ ಬಂದವಳು ಇವಳೇ, ದುಪಟ್ಟಾವನ್ನು ಎದೆಗೆ ಎರಡು ಸುತ್ತು ಒತ್ತಿ ಹಿಡಿದುಕೊಂಡು. ಹಾಲು ಇಳಿದು ಕುರ್ತಾ ನೆನೆದಿತ್ತು. ಹೇಗೆ ಬರೆದೆ ಅಂತ ಯಾರೂ ಕೇಳಲಿಲ್ಲ, ಅತ್ತೆ ಸೆರಗು ಮರೆ ಹಿಡಿದು ನಿಂತರು. ಕೂಸು ಕುಡಿದು ಮುಗಿಸಿದ ಮೇಲೆ, "ಪ್ರಬಂಧ ಪೂರ್ತಿ ಬರದೆ ಆಂಟಿ, ಪತ್ರದಲ್ಲಿ ವಿಳಾಸ ಬರೆಯೋದು ಮರೆತ್ಬಿಟ್ಟೆ" ಅಂದಳು.

ಫಲಿತಾಂಶ ಬಂತು. ನಾಲ್ಕು ವಿಷಯ ಪಾಸು. ಗಣಿತ, ಇಂಗ್ಲಿಷು ಉಳಿದಿವೆ; ಗಣಿತದ ಮೇಡಂಗೆ ಸ್ವಲ್ಪ ಅವಮಾನವೇ ಆಗಿದೆ, ಪಾಠದ ಸಮಯ ಅರ್ಧ ಗಂಟೆ ಹೆಚ್ಚಿಸಿದ್ದಾರೆ. ಪರೀಕ್ಷೆ-2ಕ್ಕೆ ಕಟ್ಟಿಯಾಯಿತು.

ನಿಮ್ಮ ಬೀದಿಯಲ್ಲೂ ಇಂಥವಳೊಬ್ಬಳು ಇದ್ದೇ ಇರುತ್ತಾಳೆ. ಟಿ.ಸಿ. ಎಲ್ಲಿದೆ ಎಂದು ಒಮ್ಮೆ ಕೇಳಿ ನೋಡಿ, ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಚಾರಿಸಿದರೆ ಮುಂದಿನ ದಾರಿ ಹೇಳುತ್ತಾರೆ. ಹುಡುಗಿಗೆ ಇನ್ನೂ 18 ತುಂಬಿಲ್ಲ, ಮದುವೆಯ ಮಾತು ನಡೆಯುತ್ತಿದೆ ಅಂತಾದರೆ ಮಕ್ಕಳ ಸಹಾಯವಾಣಿ 1098. ಮತ್ತೆ ನಮ್ಮ ಗುರುವಾರದ ಮನೆಯವರು ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋಗಿದ್ದಾರೆ. ಗವಿಪುರದ ಆಸುಪಾಸಿನಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮಧ್ಯಾಹ್ನ 2ರಿಂದ ನಾಲ್ಕೂವರೆ, ಗುರುವಾರ ಖಾಲಿ ಇದೆ.