ಚೇರ್‌ಲಿಫ್ಟ್‌ನಿಂದ ಇಳಿಯುವ ಕಲೆ: ಸ್ನೋಬೋರ್ಡ್ ಕಲಿಯುವವರಿಗೆ ಮೊದಲ ಪಾಠ

ಹಿಮದ ಇಳಿಜಾರಿನಲ್ಲಿ ಸ್ನೋಬೋರ್ಡ್ ಕಲಿಯಲು ಹೊರಟವರಲ್ಲಿ ಅನೇಕರು ಇಳಿಜಾರಿಗೆ ತಲುಪುವ ಮುನ್ನವೇ ಬೀಳುತ್ತಾರೆ. ಬೆಟ್ಟದ ಮೇಲಕ್ಕೆ ಹೊತ್ತೊಯ್ಯುವ ಚೇರ್‌ಲಿಫ್ಟ್‌ನಿಂದ ಇಳಿಯುವ ಆ ಕೆಲವು ಕ್ಷಣಗಳೇ ಅವರ ಪಾಲಿಗೆ ಮೊದಲ ಪರೀಕ್ಷೆ. ಕಾಶ್ಮೀರದ ಗುಲ್ಮಾರ್ಗ್‌ನ ಗೊಂಡೋಲಾದಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಹಲಗೆಯನ್ನು ಕಳಚಿ, ಮುಚ್ಚಿದ ಪೆಟ್ಟಿಗೆಯಲ್ಲಿ ಕುಳಿತು ಸಾಗಬಹುದು. ತೆರೆದ ಕುರ್ಚಿಯ ಲಿಫ್ಟ್‌ನಲ್ಲಾದರೋ ಹಲಗೆ ಕಾಲಿನಲ್ಲಿಯೇ ಇರುತ್ತದೆ.

ಕಷ್ಟವೇಕೆ?

ಜಗತ್ತಿನ ಮೊದಲ ಚೇರ್‌ಲಿಫ್ಟ್ 1936ರಲ್ಲಿ ಅಮೆರಿಕದ ಇಡಾಹೊ ರಾಜ್ಯದ ಸನ್ ವ್ಯಾಲಿಯಲ್ಲಿ ಆರಂಭವಾಯಿತು. ಹಡಗಿಗೆ ಬಾಳೆಗೊನೆ ತುಂಬುವ ಯಂತ್ರವನ್ನು ಕಂಡಿದ್ದ ರೈಲ್ವೆ ಎಂಜಿನಿಯರ್ ಜೇಮ್ಸ್ ಕರ್ರನ್, ಕೊಕ್ಕೆಯ ಜಾಗದಲ್ಲಿ ಕುರ್ಚಿಯನ್ನು ತೂಗುಹಾಕಿ ಇದನ್ನು ರೂಪಿಸಿದರು. ಸ್ನೋಬೋರ್ಡ್‌ನ ಪೂರ್ವಜ ಎನಿಸಿದ 'ಸ್ನರ್ಫರ್' ಹುಟ್ಟಿದ್ದು 1965ರಲ್ಲಿ. ಅಂದರೆ ಈ ಲಿಫ್ಟ್ ಎರಡು ಕಾಲಿಗೆ ಎರಡು ಪಟ್ಟಿ ಕಟ್ಟಿಕೊಂಡು, ಮುಂದಕ್ಕೆ ಮುಖಮಾಡಿ ಜಾರುವ ಸ್ಕೀಯರ್‌ಗಳಿಗಾಗಿ ಬಂದುದು. ಸ್ನೋಬೋರ್ಡ್ ಸವಾರ ಒಂದೇ ಹಲಗೆಯ ಮೇಲೆ ಅಡ್ಡಲಾಗಿ ನಿಲ್ಲುತ್ತಾನೆ. ಸಾಲಿನಲ್ಲಿ ನಡೆಯಲು ಮತ್ತು ಲಿಫ್ಟ್ ಹತ್ತಲು ಹಿಂಗಾಲನ್ನು ಬಿಚ್ಚಿಕೊಂಡಿರಬೇಕು. ಹೀಗಾಗಿ ಒಂದು ಕಾಲು ಬಂಧಿಯಾಗಿ, ಇನ್ನೊಂದು ಸ್ವತಂತ್ರವಾಗಿ ಇರುವ ಸ್ಥಿತಿಯಲ್ಲೇ ಇಳಿಯುವುದು ಅನಿವಾರ್ಯ.

ಮೇಲೇರುವಾಗಲೇ ಸಿದ್ಧತೆ

ಕುರ್ಚಿ ತುದಿ ಸಮೀಪಿಸುವ ಮೊದಲೇ ಕೈಗವಸು, ಶಾಲು ಮತ್ತು ಬೆನ್ನುಚೀಲದ ಪಟ್ಟಿಗಳು ಎಲ್ಲಿಯೂ ಸಿಲುಕಿಲ್ಲವೆಂದು ನೋಡಿಕೊಳ್ಳಬೇಕು. ಯಾರು ಯಾವ ಕಡೆಗೆ ಸಾಗುವುದೆಂದು ಪಕ್ಕದವರೊಡನೆ ಮಾತಾಡಿಕೊಂಡರೆ ಡಿಕ್ಕಿ ತಪ್ಪುತ್ತದೆ. ಸುರಕ್ಷತಾ ಸರಳನ್ನು ಸೂಚನಾ ಫಲಕ ಕಂಡ ನಂತರವಷ್ಟೇ ಎತ್ತಬೇಕು.

ಆಮೇಲೆ ಸೊಂಟವನ್ನು ಓರೆಯಾಗಿ ತಿರುಗಿಸಿ ಹಲಗೆಯನ್ನು ನೇರವಾಗಿ ಮುಂದಕ್ಕೆ ಹಿಡಿಯಬೇಕು. ಎಡಗಾಲು ಮುಂದಿರುವವರು ತುಸು ಬಲಕ್ಕೆ, ಬಲಗಾಲು ಮುಂದಿರುವವರು ತುಸು ಎಡಕ್ಕೆ ತಿರುಗುವುದು ಸರಿ. ಹಲಗೆಯ ಮೂತಿ ಮೇಲಕ್ಕೆ ಎತ್ತಿರಲಿ. ಕೆಳಗಿದ್ದರೆ ಹಿಮದಲ್ಲಿ ನೆಟ್ಟು ಸವಾರನನ್ನು ಮುಗ್ಗರಿಸುವಂತೆ ಮಾಡುತ್ತದೆ.

ಏಳುವ ಕ್ಷಣ

ಹಲಗೆ ಹಿಮಕ್ಕೆ ಪೂರ್ತಿಯಾಗಿ ತಾಗಿದಾಗ, ಬಿಚ್ಚಿದ ಹಿಂಗಾಲನ್ನು ಹಿಂದಿನ ಬೈಂಡಿಂಗ್‌ಗೆ ಒತ್ತಿದಂತೆ ಹಲಗೆಯ ಮೇಲಿಡಬೇಕು. ಇಳಿಯುವ ಗುರುತು ಬಂದೊಡನೆ ಕುರ್ಚಿಯ ಅಂಚನ್ನು ಕೈಯಿಂದ ಮೆಲ್ಲನೆ ತಳ್ಳಿ ಎದ್ದುನಿಲ್ಲಬೇಕು. ಮಂಡಿ ತುಸು ಬಾಗಿರಲಿ, ಭಾರ ಸ್ವಲ್ಪ ಮುಂಗಾಲಿನ ಕಡೆಗಿರಲಿ, ದೃಷ್ಟಿ ಮುಂದಿನ ದಾರಿಯ ಮೇಲಿರಲಿ.

ಭಯದಿಂದ ಹಿಂದಕ್ಕೆ ವಾಲುವುದು ಹೊಸಬರ ಸಾಮಾನ್ಯ ತಪ್ಪು. ಆಗ ಹಲಗೆ ಮುಂದಕ್ಕೆ ಜಾರಿ ದೇಹ ಹಿಂದೆ ಉಳಿಯುತ್ತದೆ. ಹಿಂಗಾಲನ್ನು ಹಿಮಕ್ಕೆ ಊರುವುದು ಇನ್ನೊಂದು ತಪ್ಪು. ಊರಿದ ಕಾಲು ನಿಲ್ಲುತ್ತದೆ, ಬಂಧಿಯಾದ ಕಾಲು ಸಾಗುತ್ತದೆ. ತಿರುಚುವ ಬಲವೆಲ್ಲ ಮುಂದಿನ ಮಂಡಿಯ ಮೇಲೆ ಬೀಳುತ್ತದೆ. ಪಕ್ಕದವರನ್ನು ಹಿಡಿದುಕೊಂಡರೆ ಇಬ್ಬರೂ ಬೀಳುವುದು ಖಚಿತ. ಇಳಿಜಾರು ಮುಗಿಯುವವರೆಗೆ ತಿರುಗಲು ಯತ್ನಿಸದೆ ನೇರವಾಗಿ ಜಾರಿದರೆ ಸಾಕು. ವೇಗ ಹೆಚ್ಚೆನಿಸಿದರೆ ಹಿಂಗಾಲಿನ ಹಿಮ್ಮಡಿಯನ್ನೋ ಬೆರಳುಗಳನ್ನೋ ಹಲಗೆಯಿಂದ ತುಸು ಹೊರಚಾಚಿ ಹಿಮಕ್ಕೆ ಸವರಿಸಬಹುದು.

ಬಿದ್ದರೆ ಏನು ಮಾಡಬೇಕು?

ಬೀಳುವುದು ಅವಮಾನವಲ್ಲ. ಆದರೆ ಬಿದ್ದಲ್ಲೇ ಕುಳಿತಿರುವುದು ಅಪಾಯ, ಏಕೆಂದರೆ ಕೆಲವೇ ಸೆಕೆಂಡುಗಳಲ್ಲಿ ಹಿಂದಿನ ಕುರ್ಚಿ ಬಂದಿರುತ್ತದೆ. ತಲೆ ತಗ್ಗಿಸಿ, ತೆವಳಿಯಾದರೂ ಪಕ್ಕಕ್ಕೆ ಸರಿಯಬೇಕು. ಏಳಲಾಗದವರನ್ನು ಕಂಡರೆ ಲಿಫ್ಟ್ ಸಿಬ್ಬಂದಿ ಯಂತ್ರವನ್ನು ನಿಲ್ಲಿಸುತ್ತಾರೆ. ಬೀಳುವಾಗ ಅಂಗೈ ಊರುವುದರಿಂದ ಮಣಿಕಟ್ಟು ಮುರಿಯುವುದು ಹೊಸ ಸವಾರರಲ್ಲಿ ಸಾಮಾನ್ಯ. ಮಣಿಕಟ್ಟಿನ ಕವಚ ಮತ್ತು ಹೆಲ್ಮೆಟ್ ಇದ್ದರೆ ಒಳಿತು.

ಇಳಿಯುವ ಗುರುತು ದಾಟಿಹೋದರೆ ಯಾವ ಕಾರಣಕ್ಕೂ ಜಿಗಿಯಬಾರದು, ಕುಳಿತೇ ಇರಬೇಕು. ಹಾಗೆ ಉಳಿದವರು ತಾಗಿದೊಡನೆ ಲಿಫ್ಟ್ ನಿಲ್ಲುವಂತೆ ತಂತಿ ಅಥವಾ ಸರಳಿನ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ.

ಅಭ್ಯಾಸ ಸಮತಟ್ಟಿನಲ್ಲಿ

ಹಗ್ಗಕ್ಕೆ ಸ್ಥಿರವಾಗಿ ಬಿಗಿದ ಹಳೆಯ ಮಾದರಿಯ ಕುರ್ಚಿಗಳು ಸೆಕೆಂಡಿಗೆ ಸುಮಾರು 2ರಿಂದ 2.5 ಮೀಟರ್ ವೇಗದಲ್ಲೇ ಇಳಿದಾಣಕ್ಕೆ ಬರುತ್ತವೆ. ಹಗ್ಗದಿಂದ ಬಿಡಿಸಿಕೊಳ್ಳುವ ಹೊಸ ಮಾದರಿಯವು ದಾರಿಯಲ್ಲಿ ಅದರ ಇಮ್ಮಡಿ ವೇಗದಲ್ಲಿ ಸಾಗಿದರೂ, ತುದಿಯಲ್ಲಿ ಸೆಕೆಂಡಿಗೆ ಸುಮಾರು 1 ಮೀಟರ್‌ಗೆ ಇಳಿಯುತ್ತವೆ. ಕಲಿಯುವವರಿಗೆ ಇವೇ ಸುಲಭ. ಹತ್ತುವಾಗ 'ಇದು ಮೊದಲ ಸಲ' ಎಂದು ಸಿಬ್ಬಂದಿಗೆ ತಿಳಿಸಿದರೆ ಅವರು ವೇಗ ತಗ್ಗಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಕಾಲನ್ನು ಕಟ್ಟಿಕೊಂಡು ಸಮತಟ್ಟಾದ ಹಿಮದಲ್ಲಿ ನೇರವಾಗಿ ಜಾರಿ ನಿಲ್ಲುವುದನ್ನು ಅಭ್ಯಾಸ ಮಾಡಿದ ಮೇಲೆಯೇ ಲಿಫ್ಟ್‌ನ ಸಾಲಿಗೆ ಸೇರುವುದು ಜಾಣತನ.